ಕಾಲು ಗಂಟೆಗೊಂದು ಗರಿ

ಆ ಕೋಣೆಯಲ್ಲಿ ನಲವತ್ತೊಂದು ಗಡಿಯಾರಗಳಿದ್ದವು. ನಲವತ್ತೊಂದೂ ಗಡಿಯಾರದವರ ಮಾತು ಕೇಳುತ್ತಿದ್ದವು. ನಿಲ್ಲು ಎಂದರೆ ನಿಲ್ಲುತ್ತಿದ್ದವು, ನಡೆ ಎಂದರೆ ನಡೆಯುತ್ತಿದ್ದವು. ಮುಂದೆ ಓಡುವ ಪುಂಡರನ್ನು ಕಿವಿ ಹಿಂಡಿ ಹಿಂದಕ್ಕೆ ತರುವುದು, ಹಿಂದೆ ಬೀಳುವ ಸೋಮಾರಿಗಳನ್ನು ಬೆನ್ನಿಗೆ ಗುದ್ದಿ ಮುಂದಕ್ಕೆ ತಳ್ಳುವುದು, ಇಪ್ಪತ್ತೆಂಟು ವರ್ಷಗಳಿಂದ ಗಡಿಯಾರದವರು ಮಾಡಿಕೊಂಡು ಬಂದ ರಾಜ್ಯಭಾರ ಇಷ್ಟೇ. ಮನೆಯ ಮುಂಗೋಣೆಯೇ ಅವರ ರಿಪೇರಿ ಅಂಗಡಿ, ಕಿಟಕಿಯ ಪಕ್ಕದ ಮೇಜೇ ಸಿಂಹಾಸನ, ಬಲಗಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯೇ ಕಿರೀಟ. (ಕಿರೀಟ ತಲೆಯ ಮೇಲಿರಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲ.)

ಇಂಥ ಸುಭದ್ರ ಸಾಮ್ರಾಜ್ಯದಲ್ಲಿ ಒಂದೇ ಒಂದು ಪ್ರಜೆ ದಂಗೆಯೆದ್ದಿತು. ಅದಕ್ಕೆ ಕೀ ಕೊಡುವ ತೂತಿರಲಿಲ್ಲ, ಹಿಂದೆ ಮುಚ್ಚಳವಿರಲಿಲ್ಲ, ಬಿಚ್ಚಿ ನೋಡೋಣವೆಂದರೆ ಮೈಯಲ್ಲಿ ಒಂದು ತಿರುಪೂ ಇರಲಿಲ್ಲ. ಮೈತುಂಬ ಹಸಿರು ಗರಿ, ಕೆಂಪು ಕೊಕ್ಕು, ಕತ್ತಿನ ಸುತ್ತ ತೆಳುವಾದ ಗೆರೆ. ಗಡಿಯಾರದವರ ಹೆಂಡತಿ ಸಾಕಿದ ಗಿಣಿ ಅದು, ಹೆಸರು ದೊರೆ. ಎರಡು ತಿಂಗಳ ಹಿಂದೆ ಅಡುಗೆಮನೆಗೆ ಬಣ್ಣ ಹೊಡೆಸುವಾಗ ನಾಲ್ಕು ದಿನದ ಮಟ್ಟಿಗೆ ಎಂದು ದೊರೆಯ ಪಂಜರವನ್ನು ಮುಂಗೋಣೆಗೆ ತಂದಿಟ್ಟಿದ್ದರು. ಬಣ್ಣ ಒಣಗಿತು, ವಾಸನೆ ಹೋಯಿತು, ಪಂಜರ ಮಾತ್ರ ಇದ್ದಲ್ಲೇ ಉಳಿಯಿತು. ಯಾಕೆಂದು ಕೇಳಿದರೆ ಗಡಿಯಾರದವರು, "ಇರ್ಲಿ ಬಿಡು, ಎತ್ತಿಡೋಕೆ ಯಾರಿಗೆ ಪುರುಸೊತ್ತಿದೆ" ಎನ್ನುತ್ತಿದ್ದರು. ತಲೆಯೆತ್ತಿದಾಗಲೆಲ್ಲ ತನ್ನ ಕಡೆಗೇ ನೋಡುವ ಒಂದು ಜೀವ ಎದುರಿಗಿದ್ದರೆ ಎಷ್ಟು ಹಿತ ಎಂಬ ಮಾತನ್ನು ಗಂಡಸಾದವನು ಬಾಯಿಬಿಟ್ಟು ಹೇಳುತ್ತಾನೆಯೇ?

ಸೋಮವಾರ ಸಂಜೆ ಹೆಂಡತಿ ಶಾಲೆಯಿಂದ ಬಂದರು. ಅವರು ಒಂದನೇ ತರಗತಿಯ ಟೀಚರು. ದಿನವಿಡೀ ನಲವತ್ತು ಮಕ್ಕಳನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಬರುವವರಾದ್ದರಿಂದ, ಮನೆಯೊಳಗೆ ಕಾಲಿಟ್ಟ ಕೂಡಲೇ ಏನು ಎಲ್ಲಿ ತಪ್ಪಿದೆ ಎಂಬುದು ಅವರಿಗೆ ತಾನಾಗಿ ಕಾಣುತ್ತಿತ್ತು. ಪಂಜರದ ಕೆಳಗೆ ಬಗ್ಗಿದವರು ಒಂದು ಹಿಡಿ ಪುಟ್ಟ ಗರಿ ಹಿಡಿದುಕೊಂಡು ಎದ್ದರು.

"ರೀ, ಏನಿದು?"

"ಗರಿ," ಎಂದರು ಗಡಿಯಾರದವರು ತಲೆಯೆತ್ತದೆ.

"ಗರಿ ಅಂತ ನನಗೂ ಗೊತ್ತು, ಕಾಗುಣಿತ ಕಲಿಸೋಳು ನಾನು. ಇಷ್ಟು ಯಾಕೆ ಬಿದ್ದಿದೆ? ಅಯ್ಯೋ, ಎದೆ ನೋಡಿ ಇದರದ್ದು! ನಾಣ್ಯದಗಲ ಬೋಳಾಗಿದೆ!"

ಗಡಿಯಾರದವರು ಭೂತಗನ್ನಡಿಯ ಸಮೇತ ಎದ್ದು ಬಂದು ನೋಡಿದರು. ನಿಜ. ಹಸಿರಿನ ನಡುವೆ ಗುಲಾಬಿ ಬಣ್ಣದ ಚರ್ಮ. ಅವರು ನೋಡುತ್ತಿದ್ದಂತೆಯೇ ದೊರೆ ಕತ್ತು ಬಗ್ಗಿಸಿ, ಎದೆಯಿಂದ ಹತ್ತಿಯಂಥ ಒಂದು ಗರಿಯನ್ನು ಕಿತ್ತು, ತುಟಿಯಂಚಿಗೆ ಬೀಡಿ ಸಿಕ್ಕಿಸಿಕೊಂಡವರ ಗತ್ತಿನಲ್ಲಿ ಅದನ್ನು ಕೊಕ್ಕಿನಲ್ಲಿ ಹಿಡಿದು ಇಬ್ಬರನ್ನೂ ನೋಡಿತು.

"ಅಲ್ಲಲ್ಲಲ್ಲಲ್ಲ!" ಎಂದು ಗಡಿಯಾರದವರು ಎರಡೂ ಕೈಯೆತ್ತಿ ಕೂಗಿದರು.

"ಕೂಗ್ಬೇಡಿ. ಆ ಕಡೆ ನೋಡ್ಲೂಬೇಡಿ. ನಮ್ಮ ಕ್ಲಾಸಲ್ಲೊಬ್ಬ ಪೆನ್ಸಿಲ್ ಕಚ್ಚೋನಿದಾನೆ. ನಾವು ನೋಡಿದಷ್ಟೂ ಕಚ್ತಾನೆ."

"ಅದು ಮಗು, ಇದು ಹಕ್ಕಿ. ಇದು ಯಾಂತ್ರಿಕ ದೋಷ ಕಣೇ. ಮಾಡಿದ್ದನ್ನೇ ಮಾಡುತ್ತೆ ಅಂದ್ರೆ ಒಳಗೆ ಎಲ್ಲೋ ಹಲ್ಲು ಸಿಕ್ಕಿಕೊಂಡಿದೆ ಅಂತ ಅರ್ಥ. ಮಾಡಿದ್ದನ್ನೇ ಮಾಡೋದರ ವಿಷಯದಲ್ಲಿ ನನಗಿಂತ ತಿಳಿದೋರು ಯಾರಿದಾರೆ?"

"ಅದಂತೂ ನಿಜ," ಎಂದರು ಹೆಂಡತಿ. ಗಡಿಯಾರದವರು ಅದನ್ನು ಹೊಗಳಿಕೆ ಎಂದೇ ತಿಳಿದರು.

ಆಮೇಲೆ ಹೆಂಡತಿ ಕೈಚೀಲ ಕೆಳಗಿಟ್ಟು, ತೀರ್ಪು ಓದುವ ದನಿಯಲ್ಲಿ ಹೇಳಿದರು: "ನೋಡಿ, ಭಾನುವಾರ ಹತ್ತು ಗಂಟೆಗೆ ನನ್ನ ತಮ್ಮ ವ್ಯಾನ್ ತಗೊಂಡು ಈ ಕಡೆ ಬರ್ತಾನೆ. ಅವನ ಹಿತ್ತಲಲ್ಲಿ ಅಷ್ಟು ದೊಡ್ಡ ಹಕ್ಕಿಮನೆ ಇದೆ, ಹದಿನಾಲ್ಕು ಹಕ್ಕಿ ಇವೆ. ಅಷ್ಟರೊಳಗೆ ಇದು ನಿಲ್ಲದೇ ಇದ್ರೆ ದೊರೆ ಅವನ ಜೊತೆ ಹೋಗುತ್ತೆ. ನನ್ನ ಕಣ್ಣೆದುರಿಗೆ ಇದು ಬೋಳಾಗೋದನ್ನ ನಾನು ನೋಡಲಾರೆ."

ಗಡಿಯಾರದವರು ಭೂತಗನ್ನಡಿಯನ್ನು ಕಳಚಿ ಹೆಂಡತಿಯ ಮುಖ ನೋಡಿದರು. ಬಾವಮೈದನ ಹಕ್ಕಿಮನೆಗೆ ಒಮ್ಮೆ ಹೋದ ಹಕ್ಕಿ ಹಿಂದಿರುಗಿದ ದಾಖಲೆ ಇರಲಿಲ್ಲ. ಆದರೆ ಹೊರಗೆ ಮಾತ್ರ, "ಭಾನುವಾರ ಯಾಕೆ, ಶುಕ್ರವಾರಕ್ಕೇ ಸರಿ ಮಾಡಿ ಕೈಗಿಡ್ತೀನಿ," ಎಂದರು. ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು ಅದು. (ಎಷ್ಟು ಗಿರಾಕಿಗಳಿಗೆ ಶುಕ್ರವಾರವೇ ಸಿಕ್ಕಿತು ಎಂಬುದು ಬೇರೆ ಮಾತು.)

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ದಂಡಯಾತ್ರೆ ಆರಂಭವಾಯಿತು. ಮೊದಲು ರೋಗದ ಲೆಕ್ಕ ಬೇಕು. ಗಡಿಯಾರದವರು ಹೊಸ ನೋಟುಪುಸ್ತಕ ತೆಗೆದು ಗೆರೆ ಎಳೆದರು: ಸಮಯ, ಮುಂಚೆ, ಘಟನೆ, ನಂತರ. ಗಂಟೆಗೆ ನಾಲ್ಕು ಬಾರಿ, ಅಂದರೆ ಪ್ರತಿ ಕಾಲು ಗಂಟೆಗೆ ಸರಿಯಾಗಿ, ತಲೆಯೆತ್ತಿ ಪಂಜರ ನೋಡುವುದು ಎಂದು ನೇಮ ಹಾಕಿಕೊಂಡರು. ಪಕ್ಕದಲ್ಲಿ ಒಂದು ಬಟ್ಟಲು ಸೂರ್ಯಕಾಂತಿ ಬೀಜ. ದೊರೆ ಗರಿಗೆ ಕೊಕ್ಕು ಹಾಕಿದ ಕೂಡಲೇ ಎದ್ದು ಓಡಬೇಕು, "ಅಲ್ಲಲ್ಲಲ್ಲಲ್ಲ" ಎನ್ನಬೇಕು, ಬೀಜ ಕೊಟ್ಟು ಗಮನ ಬೇರೆಡೆಗೆ ಸೆಳೆಯಬೇಕು. ಇದು ಚಿಕಿತ್ಸೆ.

ಚಿಕಿತ್ಸೆಗೆ ದೊರೆ ಸಹಕರಿಸಿತು. ಅಷ್ಟೊಂದು ಸಹಕರಿಸುವ ರೋಗಿಯನ್ನು ಯಾವ ವೈದ್ಯನೂ ಕಂಡಿರಲಾರ. ಗರಿ ಕಿತ್ತು, ಗಡಿಯಾರದವರು ಬರುವವರೆಗೆ ಕಾದು, ಬೈಗುಳ ಪೂರ್ತಿ ಕೇಳಿ, ಬೀಜ ತಿಂದು, ಸಿಪ್ಪೆಯನ್ನು ಅವರ ಅಂಗಿಯ ಮೇಲೆ ಉಗುಳಿ, ಮತ್ತೆ ಅಡ್ಡಕಡ್ಡಿಯ ಆ ತುದಿಗೆ ನಡೆದುಹೋಗುತ್ತಿತ್ತು. ಮಂಗಳವಾರ ಹನ್ನೊಂದು ಗರಿ. ಹೊತ್ತುಗೊತ್ತು ಇಲ್ಲ, ಮನಸ್ಸು ಬಂದಾಗ. ಗಡಿಯಾರದವರಿಗೆ ಹನ್ನೊಂದಕ್ಕಿಂತ ಆ ಹೊತ್ತುಗೊತ್ತಿಲ್ಲದಿರುವಿಕೆಯೇ ಹೆಚ್ಚು ಬೇಸರ ತಂದಿತು.

ಬುಧವಾರ ಇಪ್ಪತ್ತೇಳು. ಆದರೆ ಎಂಥ ಇಪ್ಪತ್ತೇಳು! ಸಂಜೆ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಗಡಿಯಾರದವರು ಪುಸ್ತಕ ಹಿಡಿದು ಬಾಗಿಲಿಗೆ ಬಂದರು.

"ನೋಡಿಲ್ಲಿ, ಹತ್ತೂಕಾಲು, ಹತ್ತೂವರೆ, ಹತ್ತೂಮುಕ್ಕಾಲು! ನಿನ್ನೆ ಹೇಗಿತ್ತು, ಇವತ್ತು ಹೇಗಿದೆ! ದಾರಿಗೆ ಬರ್ತಿದೆ ಕಣೇ!"

"ಹನ್ನೊಂದು ಇದ್ದದ್ದು ಇಪ್ಪತ್ತೇಳಾಗಿದೆ. ಇದಕ್ಕೆ ದಾರಿಗೆ ಬರೋದು ಅಂತಾರಾ?"

"ಸಂಖ್ಯೆ ನೋಡ್ಬೇಡ, ಕ್ರಮ ನೋಡು! ಮೊದಲು ಟೈಮ್ ಸರಿ ಮಾಡ್ಬೇಕು, ಆಮೇಲೆ ನಿಲ್ಲಿಸ್ಬೇಕು. ಓಡೋ ಗಾಡೀನ ಹಿಡಿದು ನಿಲ್ಲಿಸೋಕಾಗುತ್ತಾ?"

"ನಾಲ್ಕೇ ದಿನ ಉಳಿದಿರೋದು," ಎಂದಷ್ಟೇ ಹೇಳಿ ಹೆಂಡತಿ ಒಳಗೆ ಹೋದರು. ಹೋಗುವ ಮುನ್ನ ಪಂಜರದ ಕೆಳಗಿನ ಗರಿಗಳನ್ನು ಗುಡಿಸಿ, ಒಂದು ಕಾಗದದಲ್ಲಿ ಕಟ್ಟಿಟ್ಟುಕೊಂಡರು. ಅದನ್ನು ಕಂಡಾಗ ಗಡಿಯಾರದವರ ಉತ್ಸಾಹದ ಸ್ಪ್ರಿಂಗು ಎರಡು ಸುತ್ತು ಸಡಿಲವಾಯಿತು.

ಆಗ ಅವರಿಗೆ ಹೊಳೆಯಿತು. ಕಾಲು ಗಂಟೆಗೊಂದು ಗರಿ. ಕಾಲು ಗಂಟೆಗೊಮ್ಮೆ ಬಾರಿಸುವವರು ಈ ಕೋಣೆಯಲ್ಲಿ ಯಾರು? ಗೋಡೆಯ ಮೇಲಿನ ಆ ಒಂಬತ್ತು ಲೋಲಕದ ಗಡಿಯಾರಗಳು! ಅವು ಟಣ್ ಎಂದಾಗ ಇದು ಚಕ್ ಎನ್ನುತ್ತದೆ. ಶತ್ರು ಎದುರಿಗಿಲ್ಲ, ತನ್ನ ಸೈನ್ಯದೊಳಗೇ ಇದ್ದಾನೆ.

ಗುರುವಾರ ಬೆಳಗ್ಗೆ ಗಡಿಯಾರದವರು ಮಾಡಿದ ತ್ಯಾಗಕ್ಕೆ ಸರಿಸಾಟಿಯಾದದ್ದು ಪುರಾಣಗಳಲ್ಲಿ ಒಂದೋ ಎರಡೋ ಸಿಗಬಹುದು. ಲೋಲಕದ ಒಂಬತ್ತನ್ನು ನಿಲ್ಲಿಸಿದರು. ಬಾರಿಸದಿದ್ದರೂ ಸದ್ದು ಮಾಡುವವುಗಳ ಮೇಲೆ ಗುಮಾನಿ ಬಂತು, ಅವನ್ನೂ ನಿಲ್ಲಿಸಿದರು. ಕಡೆಗೆ ತಮ್ಮ ಕೈಗಡಿಯಾರವನ್ನು ಬಿಚ್ಚಿ ಒಳಕೋಣೆಯ ಹಾಸಿಗೆಯ ಕೆಳಗೆ ಇಟ್ಟು ಬಂದರು. ನಲವತ್ತೊಂದು ಗಡಿಯಾರಗಳು ನಲವತ್ತೊಂದು ಹೊತ್ತನ್ನು ತೋರಿಸುತ್ತ ಸ್ತಬ್ಧವಾದವು. ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ಅವರ ಉಸಿರಿನ ಸದ್ದು ಅವರಿಗೇ ಕೇಳಿಸಿತು, ಅದೇನೂ ಹಿತವಾಗಿರಲಿಲ್ಲ. ರಿಪೇರಿಗೆ ಬಂದ ಮುದುಕರೊಬ್ಬರು ಬಾಗಿಲಲ್ಲೇ ನಿಂತು, "ಯಾರಿಗೇನಾಯ್ತಪ್ಪ?" ಎಂದು ಮೆಲ್ಲಗೆ ಕೇಳಿ, ಚಪ್ಪಲಿ ಸದ್ದು ಮಾಡದೆ ಹೊರಟುಹೋದರು.

ಗಡಿಯಾರದವರು ಮೇಜಿಗೆ ಬಗ್ಗಿ ಕುಳಿತರು. ಒಂದಷ್ಟು ಹೊತ್ತಿಗೆ ತಲೆಯೆತ್ತಿದರು. ಚಕ್! ಎದ್ದು ಓಡಿದರು, ಕೂಗಿದರು, ಬೀಜ ಕೊಟ್ಟರು, ಒಳಗೆ ಹೋಗಿ ಹಾಸಿಗೆಯ ಕೆಳಗಿನ ಕೈಗಡಿಯಾರ ನೋಡಿ ಬಂದರು: ಒಂಬತ್ತೂಕಾಲು, ಚುಕ್ಕೆ ತಪ್ಪದೆ. ಮತ್ತೆ ಕುಳಿತರು. ಮತ್ತೆ ತಲೆಯೆತ್ತಿದರು. ಚಕ್! ಒಂಬತ್ತೂವರೆ. ಊಟದ ಒಂದು ಗಂಟೆ ಬಿಟ್ಟು ಸಂಜೆ ಆರರ ತನಕ ಮೂವತ್ತೆರಡು ಬಾರಿ ಇದೇ ನಡೆಯಿತು. ಇಡೀ ಕೋಣೆಯಲ್ಲಿ ಸರಿಯಾದ ಹೊತ್ತು ತೋರಿಸುತ್ತಿದ್ದ ಏಕೈಕ ಗಡಿಯಾರ ಗಿಣಿಯೇ ಆಗಿತ್ತು. ಗಡಿಯಾರದವರಿಗೆ ಒಂದು ಕಣ್ಣಲ್ಲಿ ಕಣ್ಣೀರು, ಇನ್ನೊಂದರಲ್ಲಿ ಮೆಚ್ಚುಗೆ. (ಮೆಚ್ಚುಗೆ ಇದ್ದದ್ದು ಭೂತಗನ್ನಡಿಯ ಕಣ್ಣಲ್ಲಿ, ಆದ್ದರಿಂದ ತುಸು ದೊಡ್ಡದಾಗಿಯೇ ಕಾಣುತ್ತಿತ್ತು.)

ನಾಣ್ಯದಗಲ ಇದ್ದ ಬೋಳು ಅಂಗೈಯಗಲಕ್ಕೆ ಬಂದಿತ್ತು. ಮಗುವಿನ ಅಂಗೈ ಎಂದಿಟ್ಟುಕೊಳ್ಳೋಣ. ಆದರೆ ಗಿಣಿಗೆ ಇರುವುದೇ ಅಷ್ಟು ಎದೆ.

ಶುಕ್ರವಾರ ಬೆಳಗ್ಗೆ ಆ ಗುಲಾಬಿ ಚರ್ಮದ ಮೇಲೆ ಒಂದು ಹನಿ ರಕ್ತ ಕಂಡಿತು.

ಗಡಿಯಾರದವರ ಕೈಯಿಂದ ಜೀವಮಾನದಲ್ಲಿ ಮೊದಲ ಸಲ ತಿರುಪುಳಿ ಜಾರಿ ಬಿತ್ತು. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಕೈ ಅದು. ಹೆಂಡತಿ ಆಗಲೇ ಶಾಲೆಗೆ ಹೋಗಿಯಾಗಿತ್ತು. ಭಾನುವಾರದ ಮಾತು ಹಾಗಿರಲಿ, ಸಂಜೆಯೊಳಗೆ ಏನಾದರೂ ಆಗಿಬಿಟ್ಟರೆ? ಕೊಕ್ಕು ಎದೆಗೆ ತಲುಪದಂತೆ ತಡೆಯಬೇಕು, ಈಗಲೇ. ಸುತ್ತ ನೋಡಿದರು. ಕಪಾಟಿನಲ್ಲಿ ಹಳೆಯ ಮೇಜುಗಡಿಯಾರದ ರಟ್ಟಿನ ಮುಖವೊಂದಿತ್ತು, ದುಂಡಗೆ, ಬೆಳ್ಳಗೆ, ಒಂದರಿಂದ ಹನ್ನೆರಡರವರೆಗೆ ಕಪ್ಪು ಅಂಕಿಗಳು, ನಡುವೆ ಮುಳ್ಳು ಕೂರುವ ತೂತು. ತೂತನ್ನು ಕತ್ತರಿಯಲ್ಲಿ ದೊಡ್ಡದು ಮಾಡಿ, ಒಂದು ಕಡೆ ಸೀಳಿ, ಅಂಚಿಗೆ ಹತ್ತಿ ಅಂಟಿಸಿ, ಹನ್ನೆರಡು ನಿಮಿಷಗಳ ಮಲ್ಲಯುದ್ಧದ ಬಳಿಕ ದೊರೆಯ ಕುತ್ತಿಗೆಗೆ ತೊಡಿಸಿಯೇಬಿಟ್ಟರು. ಮಲ್ಲಯುದ್ಧದಲ್ಲಿ ಅವರಿಗೆ ಆದ ಗಾಯಗಳು ಏಳು. ಎಲ್ಲವೂ ಎದುರಿನಿಂದಲೇ ಆದವು, ಬೆನ್ನಿಗೆ ಒಂದೂ ಇಲ್ಲ. ವೀರನ ಲಕ್ಷಣ ಅದು.

ದೊರೆ ಎದೆ ನೋಡಿಕೊಳ್ಳಲು ಬಗ್ಗಿತು, ರಟ್ಟು ಅಡ್ಡ ಬಂತು. ಎಡಕ್ಕೆ ತಿರುಗಿತು, ಕೊಕ್ಕು ಒಂಬತ್ತರ ಮೇಲೆ ನಿಂತಿತು. ಬಲಕ್ಕೆ ತಿರುಗಿತು, ಮೂರು. ಸಿಟ್ಟಿನಿಂದ ಗಿರ್ರನೆ ಸುತ್ತಿತು, ಒಂದೇ ಉಸಿರಿಗೆ ಅರ್ಧ ದಿನ ಕಳೆದುಹೋಯಿತು. ಆಮೇಲೆ ಆಯ ತಪ್ಪಿ ಅಡ್ಡಕಡ್ಡಿಯಿಂದ ಜಾರಿ, ಪಂಜರದ ತಳಕ್ಕೆ ದೊಪ್ಪನೆ ಬಿದ್ದು, ರಟ್ಟಿನ ಮೇಲೆ ಮುಖವಿಟ್ಟು ಸುಮ್ಮನಾಯಿತು.

ಹೆಂಡತಿ ಬಂದದ್ದು ಆ ಹೊತ್ತಿಗೆ. ಶಾಲೆಯಲ್ಲಿ ಮನಸ್ಸು ನಿಲ್ಲದೆ ಅರ್ಧ ದಿನ ರಜೆ ಹಾಕಿ ಬಂದಿದ್ದರು.

ಅವರು ಪಂಜರ ನೋಡಿದರು. ಸತ್ತಂತೆ ನಿಂತಿದ್ದ ನಲವತ್ತೊಂದು ಗಡಿಯಾರಗಳನ್ನು ನೋಡಿದರು. ಏಳು ಕಡೆ ಪಟ್ಟಿ ಹಚ್ಚಿಕೊಂಡ ಗಂಡನನ್ನು ನೋಡಿದರು. ಕೈ ಹಾಕಿ ರಟ್ಟು ಬಿಚ್ಚಿದರು, ದೊರೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ಗಡಿಯಾರದವರು ಬೈಗುಳಕ್ಕೆ ಕಾದರು. ಬರಲಿಲ್ಲ. ಇಪ್ಪತ್ತಮೂರು ವರ್ಷಗಳ ದಾಂಪತ್ಯದಲ್ಲಿ ಹೆಂಡತಿ ಬೈಯದೆ ಇದ್ದದ್ದು ಇದು ಎರಡನೇ ಸಲ. ಮೊದಲನೆಯ ಸಲ ಅವರಿಗೆ ಗಂಟಲು ಕಟ್ಟಿತ್ತು.

"ಡಾಕ್ಟರ ಹತ್ರ ಹೋಗೋಣ," ಎಂದರು ಕಡೆಗೆ. "ನಿಮ್ಮ ಪುಸ್ತಕಾನೂ ತಗೊಳ್ಳಿ."

ಹಕ್ಕಿ ಡಾಕ್ಟರು ಬೆರಳ ತುಂಬ ಕಚ್ಚಿದ ಗುರುತುಗಳಿದ್ದ ಒಬ್ಬ ತೆಳ್ಳನೆಯ ಹೆಣ್ಣುಮಗಳು. ದೊರೆಯನ್ನು ಒಂದು ಕೈಯಲ್ಲಿ ಹಿಡಿದು ತೂಗಿದರು, ಗರಿ ಬಿಡಿಸಿ ಚರ್ಮ ನೋಡಿದರು, ಬಾಯಿ ತೆರೆಸಿ ನೋಡಿದರು, ರಕ್ತದ ಹನಿಯನ್ನು ಒರೆಸಿ ಔಷಧ ಸವರಿದರು. ಗಡಿಯಾರದವರು ಕುರ್ಚಿಯ ತುದಿಯಲ್ಲಿ ಕುಳಿತು ಅವರ ಮುಖವನ್ನೇ ನೋಡುತ್ತಿದ್ದರು. ಗಡಿಯಾರ ರಿಪೇರಿಗೆ ಕೊಟ್ಟ ಗಿರಾಕಿಗಳು ತಮ್ಮ ಮುಖವನ್ನು ಯಾಕೆ ಹಾಗೆ ನೋಡುತ್ತಾರೆಂದು ಅವರಿಗೆ ಆ ದಿನ ತಿಳಿಯಿತು.

"ಹುಳ ಇಲ್ಲ, ಚರ್ಮದ ಕಾಯಿಲೆ ಇಲ್ಲ, ತೂಕ ಬೇಕಾದ್ದಕ್ಕಿಂತ ಜಾಸ್ತಿನೇ ಇದೆ," ಎಂದರು ಡಾಕ್ಟರು. "ಯಾರೋ ಬೀಜ ಚೆನ್ನಾಗಿ ತಿನ್ನಿಸಿದಾರೆ. ಯಾವಾಗ ಕೀಳುತ್ತೆ, ಏನಾದ್ರೂ ಗಮನಿಸಿದೀರಾ?"

ಗಡಿಯಾರದವರ ಜೀವಕ್ಕೆ ಜೀವ ಬಂತು. ಪುಸ್ತಕವನ್ನು ಎರಡೂ ಕೈಯಿಂದ ಒಪ್ಪಿಸಿದರು. ಡಾಕ್ಟರು ಮೊದಲ ಪುಟ ಓದಿದರು. ಎರಡನೆಯದು ತಿರುವಿದರು. ಮೂರನೆಯದಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ಒಳ್ಳೆಯ ದಾಖಲೆ ಅವರು ಕಂಡೇ ಇರಲಿಕ್ಕಿಲ್ಲ ಎಂದು ಗಡಿಯಾರದವರು ಹೆಂಡತಿಯ ಕಡೆ ಹುಬ್ಬು ಹಾರಿಸಿದರು.

"ಸರ್, 'ನಂತರ' ಅಂತ ಇದೆಯಲ್ಲ, ಅದರಲ್ಲಿ ಎಲ್ಲಾ ಕಡೆ ಒಂದೇ ಬರೆದಿದೀರಿ."

"ನಡೆದದ್ದೂ ಒಂದೇ ಡಾಕ್ಟ್ರೇ."

"ಎದ್ದೆ, ಹೋದೆ, ಗದರಿದೆ, ಬೀಜ ಕೊಟ್ಟೆ, ಬಂದು ಕೂತೆ. ಎದ್ದೆ, ಹೋದೆ, ಗದರಿದೆ, ಬೀಜ ಕೊಟ್ಟೆ, ಬಂದು ಕೂತೆ. ಎಪ್ಪತ್ತು ಸಲ ಇದೆ." ಡಾಕ್ಟರು ಪುಸ್ತಕ ಕೆಳಗಿಟ್ಟರು. "ಈ ಪುಸ್ತಕದಲ್ಲಿ ಮಾಡಿದ್ದನ್ನೇ ಮಾಡ್ತಿರೋರು ಯಾರು ಸರ್?"

ಹೆಂಡತಿ ಗಕ್ಕನೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಆದ್ರೆ ಡಾಕ್ಟ್ರೇ, ಗಡಿಯಾರ ಎಲ್ಲಾ ನಿಲ್ಸಿದ್ರೂ ಅದು ಕಾಲು ಗಂಟೆಗೆ ಸರಿಯಾಗಿ..."

"ಗಡಿಯಾರ ನಿಂತಿತ್ತು, ನೀವು ನಿಂತಿರ್ಲಿಲ್ಲ. ಇಪ್ಪತ್ತೆಂಟು ವರ್ಷ ಆ ಕೆಲಸ ಮಾಡಿದೋರಿಗೆ ಹೊತ್ತು ಮೈಯಲ್ಲೇ ಇರುತ್ತೆ. ಕಾಲು ಗಂಟೆಗೆ ನೀವು ತಲೆ ಎತ್ತಿದ್ರಿ, ನೀವು ತಲೆ ಎತ್ತಿದಾಗ ಅದು ಕಿತ್ತುಕೊಳ್ತು. ಅದು ನಿಮ್ಮನ್ನ ನೋಡಿ ಟೈಮ್ ತಿಳ್ಕೊಳ್ತಿದೆ."

ಗಡಿಯಾರದವರ ಬಾಯಿಯ ಮುಚ್ಚಳ ತೆರೆದುಕೊಂಡಿತು, ಮುಚ್ಚಲು ಮರೆಯಿತು.

"ಇನ್ನೊಂದು ಕೇಳ್ತೀನಿ ಸರ್. ಅದು ಗರಿ ಕೀಳದೆ ಸುಮ್ನೆ ಕೂತಿರುತ್ತಲ್ಲ, ಆಗ ನೀವು ಅದರ ಹತ್ರ ಏನು ಮಾತಾಡ್ತೀರಿ?"

"ಆಗ... ಕೆಲಸ ಇರುತ್ತಲ್ಲ."

"ಅಂದ್ರೆ ಏನೂ ಮಾತಾಡಲ್ಲ."

"ಏನೂ ಇಲ್ಲ ಅಂತಲ್ಲ," ಎಂದರು ಗಡಿಯಾರದವರು. ಆಮೇಲೆ ಯೋಚಿಸಿ, "ಏನೂ ಇಲ್ಲ," ಎಂದರು.

"ಡಾಕ್ಟ್ರೇ," ಎಂದರು ಹೆಂಡತಿ, ಸೆರಗು ಬಾಯಿಂದ ತೆಗೆದು. "ನಮ್ಮ ಮದುವೆಯಾಗಿ ಇಪ್ಪತ್ತಮೂರು ವರ್ಷ ಆಯ್ತು. ನನಗೆ ಗರಿ ಇಲ್ಲ, ಅದೊಂದೇ ಕೊರತೆ."

ಡಾಕ್ಟರು ನಗಲಿಲ್ಲ, ನಗದಿರಲು ಪಟ್ಟ ಕಷ್ಟ ಮಾತ್ರ ಎದ್ದು ಕಾಣುತ್ತಿತ್ತು. ಗಿಣಿ ಗುಂಪಿನಲ್ಲಿ ಬದುಕುವ ಜೀವಿ ಎಂದು ತಿಳಿಸಿ ಹೇಳಿದರು. ಗುಂಪಿನಲ್ಲಿ ಯಾವಾಗಲೂ ಯಾರಾದರೂ ಏನಾದರೂ ಕಿಚಪಿಚ ಎನ್ನುತ್ತಲೇ ಇರುತ್ತಾರೆ. ಎಲ್ಲರೂ ಒಮ್ಮೆಲೇ ಸುಮ್ಮನಾದರು ಎಂದರೆ ಮೇಲೆ ಗಿಡುಗ ಬಂದಿದೆ ಎಂದು ಅರ್ಥ. ಅಡುಗೆಮನೆಯ ಮಾತುಕತೆಯಲ್ಲಿದ್ದ ಹಕ್ಕಿಯನ್ನು ತಂದು, ದಿನಕ್ಕೆ ಒಂಬತ್ತು ಗಂಟೆ ಬಾಯಿ ಬಿಡದ ಮನುಷ್ಯನ ಎದುರಿಗಿಟ್ಟರೆ ಅದಕ್ಕೆ ಎರಡು ತಿಂಗಳಿಂದ ಮೇಲೆ ಗಿಡುಗ ಹಾರುತ್ತಲೇ ಇದೆ. ಮೊದಲ ಒಂದೆರಡು ಗರಿ ಭಯಕ್ಕೋ ಬೇಸರಕ್ಕೋ ಕಿತ್ತಿರಬೇಕು. ಕಿತ್ತದ್ದೇ ತಡ, ಕಲ್ಲಿನಂತೆ ಕುಳಿತಿದ್ದವರು ಎದ್ದು, ಓಡಿಬಂದು, ಕೈ ಬೀಸಿ, ಬಾಯಿತುಂಬ ಮಾತಾಡಿ, ಮೇಲೆ ಬೀಜವನ್ನೂ ಕೊಟ್ಟರು. ಇನ್ನೇನು ಬೇಕು?

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಿ," ಎಂದರು ಹೆಂಡತಿ ಗಂಡನಿಗೆ. "ರಟ್ಟು ತೊಡಿಸ್ಬೇಕಾಗಿದ್ದದ್ದು ಯಾರಿಗೆ ಅಂತ ಈಗ ಗೊತ್ತಾಯ್ತಾ?"

ಪಂಜರ ಮತ್ತೆ ಅಡುಗೆಮನೆಗೆ ಹೋಗಬೇಕು. ಬೀಜವನ್ನು ಬಟ್ಟಲಲ್ಲಿ ಕೊಡದೆ ಕಾಗದದ ಪೊಟ್ಟಣಗಳಲ್ಲಿ ಅಡಗಿಸಿಡಬೇಕು, ಹರಿದು ಹುಡುಕಿ ತಿನ್ನಲಿ, ಕೊಕ್ಕಿಗೆ ಕೆಲಸ ಬೇಕು. ದಿನಾ ನೀರು ಚಿಮುಕಿಸಬೇಕು. ಸುಮ್ಮನಿದ್ದಾಗ ಮಾತಾಡಿಸಬೇಕು. ಗರಿಗೆ ಕೊಕ್ಕು ಹಾಕಿದಾಗ ಮಾತ್ರ ಯಾರೂ ಕತ್ತು ತಿರುಗಿಸಕೂಡದು. "ಆಗುತ್ತಾ ಸರ್?" ಎಂದು ಕೇಳಿದರು ಡಾಕ್ಟರು.

"ಇದೇನು ಮಹಾ! ಬೆಟ್ಟದ ಹಾಗೆ ಕೂತಿರ್ತೀನಿ," ಎಂದರು ಗಡಿಯಾರದವರು.

"ಎಲ್ಲಿ, ಈಗಲೇ ನೋಡೋಣ."

ಡಾಕ್ಟರು ದೊರೆಯನ್ನು ಪಂಜರದೊಳಗೆ ಬಿಟ್ಟರು. ಮೂವರೂ ಉಸಿರು ಬಿಗಿಹಿಡಿದರು. ದೊರೆ ಮೈಕೊಡವಿತು, ಕಡ್ಡಿಯ ಮೇಲೆ ಎರಡು ಹೆಜ್ಜೆ ಇಟ್ಟಿತು, ಗಡಿಯಾರದವರನ್ನು ಗುರುತು ಹಿಡಿಯಿತು, ಕತ್ತು ಬಗ್ಗಿಸಿತು. ಗಡಿಯಾರದವರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದರು. ಕೊಕ್ಕು ಗರಿಯನ್ನು ಮುಟ್ಟಿತು.

"ಅಲ್ಲಲ್ಲಲ್ಲಲ್ಲ!"

ಎದ್ದು ನಿಂತ ಮೇಲೆಯೇ ಅವರಿಗೆ ತಾವು ಎದ್ದದ್ದು ತಿಳಿದದ್ದು. ಎರಡನೇ ಸಲ ಹೆಂಡತಿ ಅವರ ಭುಜವನ್ನು ಹಿಡಿದುಕೊಂಡರು, ಭುಜ ಹೆಂಡತಿಯನ್ನೂ ಸೇರಿಸಿಕೊಂಡು ಎದ್ದಿತು. ಮೂರನೇ ಸಲ ಬಾಯಿಗೆ ಕೈಯಡ್ಡ ಹಿಡಿದರು, ಕಾಲು ನಡೆಯಿತು.

"ಹಕ್ಕಿ ಹತ್ತು ದಿನದಲ್ಲಿ ಸರಿಹೋಗುತ್ತೆ," ಎಂದರು ಡಾಕ್ಟರು ನಿಟ್ಟುಸಿರು ಬಿಟ್ಟು. "ಇವರದು ಹಳೇ ಕೇಸು. ಹತ್ತು ದಿನ ಇಬ್ಬರಲ್ಲಿ ಒಬ್ಬರು ಬೇರೆ ಕಡೆ ಇದ್ರೆ ಒಳ್ಳೇದು ಮೇಡಂ. ಅಂದಹಾಗೆ ಸರ್, ಈ ಪುಸ್ತಕ ನನ್ನ ಹತ್ರ ಇರ್ಲಾ? ನಮ್ಮ ವಿದ್ಯಾರ್ಥಿಗಳಿಗೆ ತೋರಿಸ್ಬೇಕು."

ಬೇರೆ ದಿನವಾಗಿದ್ದರೆ ಗಡಿಯಾರದವರು ಹಿಗ್ಗಿ ಹೀರೆಕಾಯಿಯಾಗುತ್ತಿದ್ದರು. ಆ ದಿನ ಕಿವಿಯಲ್ಲಿ ಒಂದೇ ಮಾತು ಗುಂಯ್‌ಗುಡುತ್ತಿತ್ತು: ಇಬ್ಬರಲ್ಲಿ ಒಬ್ಬರು ಬೇರೆ ಕಡೆ. ಭಾನುವಾರ ಹತ್ತು ಗಂಟೆಗೆ ವ್ಯಾನ್ ಬರುತ್ತದೆ.

ಶನಿವಾರವಿಡೀ ಅಡುಗೆಮನೆಯ ಬಾಗಿಲು ಅವರಿಗೆ ಮುಚ್ಚಿತ್ತು. ಒಳಗಿನಿಂದ ಹೆಂಡತಿ ದೊರೆಯೊಡನೆ ಲೋಕಾಭಿರಾಮ ಮಾತಾಡುವುದು, ಕಾಗದ ಪರಪರ ಹರಿಯುವುದು ಕೇಳುತ್ತಿತ್ತು. ಗಡಿಯಾರದವರು ಮೂರು ಸಲ ನೀರಿನ ನೆಪದಲ್ಲಿ ಬಾಗಿಲು ಸರಿಸಿ ಇಣುಕಿದರು. ಮೂರು ಸಲವೂ ದೊರೆ ಕಾಗದ ಬಿಟ್ಟು ಗರಿಗೆ ಬಾಯಿ ಹಾಕಿತು, ಮೂರು ಸಲವೂ "ಅಲ್ಲಲ್ಲಲ್ಲಲ್ಲ" ಮೊಳಗಿತು. ಮೂರನೆಯದರ ನಂತರ ಹೆಂಡತಿ ಫೋನ್ ಎತ್ತಿಕೊಂಡು ಹಿತ್ತಲಿಗೆ ಹೋಗಿ, ತಮ್ಮನೊಡನೆ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಗಡಿಯಾರದವರಿಗೆ "ಪಾಪ", "ಹತ್ತು ದಿನ", "ಜೋಪಾನ" ಎಂಬ ಮೂರು ಮಾತು ಮಾತ್ರ ಕೇಳಿಸಿದವು. ಅಷ್ಟು ಸಾಕಾಯಿತು. ಅವರು ನಲವತ್ತೊಂದು ಗಡಿಯಾರಗಳಿಗೂ ಕೀ ಕೊಡುತ್ತ ಹೋದರು. ಆದರೆ ಎಲ್ಲಕ್ಕೂ ಬೇರೆಬೇರೆ ಹೊತ್ತು ಕೂಡಿಸಿದರು. ಭಾನುವಾರದ ಹತ್ತು ಗಂಟೆಯನ್ನು ಹೇಗಾದರೂ ದಾರಿ ತಪ್ಪಿಸಲು ಒಬ್ಬ ಗಡಿಯಾರದವನಿಗೆ ಸಾಧ್ಯವಿದ್ದದ್ದು ಅಷ್ಟೇ.

ಹತ್ತು ಗಂಟೆ ದಾರಿ ತಪ್ಪಲಿಲ್ಲ. ಬೀದಿಯಲ್ಲಿ ಹಾರ್ನ್ ಕೇಳಿಸಿತು. ವ್ಯಾನಿನ ಹಿಂಬಾಗಿಲು ತೆರೆದುಕೊಂಡಿತು. ಬಾವಮೈದ ದಡದಡನೆ ಮೆಟ್ಟಿಲು ಹತ್ತಿ, "ಅಕ್ಕಾ, ರೆಡಿನಾ?" ಎಂದು ಕೂಗಿದ.

ಗಡಿಯಾರದವರು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ, ಎರಡೂ ಕೈ ಚಾಚಿ, ಹತ್ತು ಗಂಟೆ ಹತ್ತು ನಿಮಿಷದ ಭಂಗಿಯಲ್ಲಿ ನಿಂತುಬಿಟ್ಟರು.

"ಬೇಡ ಕಣೇ," ಎಂದರು. ದನಿ ಅವರದೇ ಎಂದು ಅವರಿಗೇ ಅನ್ನಿಸಲಿಲ್ಲ. "ಅದನ್ನ ಕಳಿಸ್ಬೇಡ. ಬೆಳಗ್ಗೆಯಿಂದ ಸಂಜೆವರೆಗೆ ಬಗ್ಗಿ ಕೂತಿರ್ತೀನಿ. ತಲೆ ಎತ್ತಿದ್ರೆ ನನ್ನ ಕಡೆ ನೋಡೋಕೆ ಅಂತ ಇರೋದು ಅದೊಂದೇ. ಇನ್ಮೇಲೆ ಮಾತಾಡಿಸ್ತೀನಿ. ದಿನಾ ಮಾತಾಡಿಸ್ತೀನಿ. ನಿನ್ನನ್ನೂ ಮಾತಾಡಿಸ್ತೀನಿ, ಬೇಕಾದ್ರೆ."

ಹೆಂಡತಿಯ ಕಣ್ಣು ತುಂಬಿಕೊಂಡಿತು. "ಬೇಕಾದ್ರೆ" ಎಂಬುದನ್ನು ಅವರು ಕ್ಷಮಿಸಿದಂತೆ ಕಂಡಿತು.

"ಅದು ಹೋಗುತ್ತೆ ಅಂತ ಯಾರು ಹೇಳಿದ್ರು ನಿಮಗೆ? ಜಾಗ ಬದಲಾದ್ರೆ ಅದಕ್ಕೆ ಇನ್ನೂ ಭಯ ಆಗುತ್ತಂತೆ. ಡಾಕ್ಟರೇ ಹೇಳಿದಾರೆ. ದೊರೆ ಇಲ್ಲೇ ಇರುತ್ತೆ."

ಗಡಿಯಾರದವರ ಕೈಗಳು ಹತ್ತೂಹತ್ತರಿಂದ ಆರೂವರೆಗೆ ಇಳಿದವು. ಆ ಆನಂದದಲ್ಲಿ ಬಾಗಿಲ ಬಳಿ ಅಂದವಾಗಿ ಕಟ್ಟಿಟ್ಟಿದ್ದ ಚೀಲವೊಂದನ್ನು, ಅದರ ಜೇಬಿನಿಂದ ಹೊರಚಾಚಿದ್ದ ತಮ್ಮದೇ ಹಲ್ಲುಜ್ಜುವ ಬ್ರಷ್ಷನ್ನು ಅವರು ತುಸು ತಡವಾಗಿ ಗಮನಿಸಿದರು.

"ಬಾವ," ಎಂದ ಬಾವಮೈದ ಚೀಲ ಎತ್ತಿಕೊಳ್ಳುತ್ತ, "ಮುಂದೆ ನನ್ನ ಪಕ್ಕ ಕೂರ್ತೀರಾ, ಅಥವಾ ಹಿಂದೆ? ಪಂಜರಕ್ಕೆ ಅಂತ ಮೆತ್ತಗೆ ಹಾಸಿದೀನಿ."

"ನಾನಾ? ನಾನ್ಯಾಕೆ?"

"ಹತ್ತೇ ದಿನ," ಎಂದರು ಹೆಂಡತಿ ಅಂಗಿಯ ಗುಂಡಿ ಸರಿಪಡಿಸುತ್ತ. ತಮ್ಮನ ಕಡೆ ತಿರುಗಿ, "ಬೆಳಗ್ಗೆ ಏಳಕ್ಕೆ ಚಹಾ, ಒಂದಕ್ಕೆ ಊಟ. ಸುಮ್ನೆ ಕೂರೋಕೆ ಬಿಡ್ಬೇಡ. ಬಿಚ್ಚಿ ಜೋಡಿಸೋಕೆ ಏನಾದ್ರೂ ಕೊಡ್ತಾ ಇರು. ಮಾತಾಡಿದ್ರೆ ಮಾತಾಡ್ಸು," ಎಂದರು.

"ಕಚ್ತಾರಾ ಅಕ್ಕ?"

"ಹೊಸ ಜಾಗ ಅಲ್ವಾ. ಮೊದಲ ಎರಡು ದಿನ ಹುಷಾರಾಗಿರು."

ಗಡಿಯಾರದವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಲಾಯಿತು. ಅಡುಗೆಮನೆಯ ಕಿಟಕಿ ಬೀದಿಯ ಕಡೆಗೇ ಇತ್ತು. ಕಿಟಕಿಯೊಳಗೆ ಪಂಜರ, ಪಂಜರದೊಳಗೆ ದೊರೆ. ದೊರೆ ಅವರನ್ನು ನೋಡಿತು. ವ್ಯಾನಿನ ಗಾಜಿಗೆ ಮೂಗು ಒತ್ತಿಕೊಂಡಿದ್ದ ಆ ಪರಿಚಿತ ಮುಖವನ್ನು ಕಂಡು ಮೆಲ್ಲನೆ ಕತ್ತು ಬಗ್ಗಿಸಿ, ಎದೆಯ ಅಂಚಿನಲ್ಲಿ ಉಳಿದಿದ್ದ ಒಂದು ಹಸಿರು ಗರಿಯನ್ನು ಕೊಕ್ಕಿನ ನಡುವೆ ಹಿಡಿಯಿತು.

ಗಡಿಯಾರದವರು ದಡಕ್ಕನೆ ಎದ್ದರು. ವ್ಯಾನಿನ ಚಾವಣಿ ಅವರ ನೆತ್ತಿಗೆ ಬಡಿದು ಮತ್ತೆ ಕೂರಿಸಿತು. ಕೈ ಬಾಗಿಲ ಹಿಡಿಗೆ ಹೋಯಿತು. "ತೆಗಿ ಕಣೋ, ಅದು ನಾನು ಹೋಗ್ತಿದೀನಿ ಅಂತ ಸಂಕಟಕ್ಕೆ..." ಎನ್ನುತ್ತಿದ್ದಂತೆ ಬಾವಮೈದ ಗಾಡಿ ಹೊರಡಿಸಿದ.

ದೊರೆ ಗರಿ ಹಿಡಿದುಕೊಂಡೇ ಕಾಯಿತು. ಯಾರೂ ಓಡಿಬರಲಿಲ್ಲ. ಒಲೆಯ ಮುಂದಿದ್ದ ಯಜಮಾನಿ ಬೆನ್ನು ತಿರುಗಿಸಿಕೊಂಡು ಏನೋ ಗುನುಗುತ್ತಿದ್ದರು. ಒಂದು ಗಳಿಗೆ ಆಯಿತು. ಎರಡು ಗಳಿಗೆ. ದೊರೆ ಗರಿಯನ್ನು ಬಿಟ್ಟುಬಿಟ್ಟಿತು. ಗರಿ ಎದೆಯ ಮೇಲೆ ಇದ್ದಲ್ಲೇ ನೆಟ್ಟಗೆ ಕುಳಿತುಕೊಂಡಿತು. ದೊರೆ ಮೈ ಕೊಡವಿ, ಪಕ್ಕಕ್ಕೆ ಸರಿದು, ಬೀದಿಗೆ ಬೆನ್ನು ಹಾಕಿ, ಕಾಗದದ ಪೊಟ್ಟಣವೊಂದನ್ನು ಸಂಭ್ರಮದಿಂದ ಹರಿಯತೊಡಗಿತು.

ಹಿಂದಕ್ಕೆ ತಿರುಗಿ ನೋಡುತ್ತಿದ್ದ ಗಡಿಯಾರದವರು ಬೀದಿಯ ತಿರುವು ಬರುವವರೆಗೂ ನೋಡಿದರು. ತಿರುವು ಬಂತು, ಕಿಟಕಿ ಮರೆಯಾಯಿತು. ತಾವಿದ್ದಾಗ ದಿನಕ್ಕೆ ಮೂವತ್ತೆರಡು ಕಿತ್ತುಕೊಟ್ಟ ಜೀವ, ಬೀಳ್ಕೊಡುಗೆಗೆಂದು ಒಂದೇ ಒಂದನ್ನು ಕೀಳಲಿಲ್ಲ. ಅವರು ನೆತ್ತಿ ಸವರಿಕೊಳ್ಳುತ್ತ ಮುಂದಕ್ಕೆ ತಿರುಗಿ ಕುಳಿತರು.

"ಏನ್ ಬಾವ, ಮುಖ ಯಾಕೆ ಹಾಗೆ ಮಾಡ್ಕೊಂಡ್ರಿ? ದೊರೆಗೆ ಏನಾದ್ರೂ ಆಯ್ತಾ?"

"ವಾಸಿಯಾಯ್ತು ಕಣಪ್ಪ," ಎಂದರು ಗಡಿಯಾರದವರು, ಯಾರೋ ಹತ್ತಿರದವರು ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ.